ಪ್ರೊಸೆಸರ್ ಬದಲಾದರೆ ಹಳೆಯ ತಂತ್ರಾಂಶದ ಗತಿ ಏನು?

ಸಖರಾಯಪಟ್ಟಣದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ನೆಂಟರೊಬ್ಬರು ಮೊನ್ನೆ ಫೋನ್ ಮಾಡಿದ್ದರು. ಅವರಿಗೆ ಹೊಸ ಲ್ಯಾಪ್‌ಟಾಪ್ ಬೇಕಿತ್ತು. "ಈ ಮಾಡೆಲ್‌ನಲ್ಲಿ ಇಂಟೆಲ್ ಇಲ್ವಂತೆ, ಸ್ನ್ಯಾಪ್‌ಡ್ರ್ಯಾಗನ್ ಅಂತೆ. ಅದು ಮೊಬೈಲ್ ಚಿಪ್ ಅಲ್ವಾ? ನನ್ನ ಹಳೇ ಪ್ರಿಂಟರ್ ಓಡುತ್ತಾ? ಚೆನ್ನಾಗಿ ನಡೀತಿರೋದನ್ನ ಈ ಕಂಪನಿಗಳು ಯಾಕೆ ಬದಲಾಯಿಸ್ತಾವೆ?"

ಕೊನೆಯ ಪ್ರಶ್ನೆಯಿಂದಲೇ ಶುರುಮಾಡೋಣ.

ಪ್ರೊಸೆಸರ್ ಬದಲಾವಣೆಯಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಚಿಪ್ ಮಾರುವವರು ಮಾತ್ರ ಬದಲಾಗುತ್ತಾರೆ. ವರ್ಷಗಟ್ಟಲೆ ಇಂಟೆಲ್ ಚಿಪ್‌ಗಳನ್ನಷ್ಟೇ ಬಳಸುತ್ತಿದ್ದ ಡೆಲ್ 2006ರಲ್ಲಿ ಎಎಂಡಿಯ ಚಿಪ್‌ಗಳನ್ನೂ ಬಳಸತೊಡಗಿತು. ಗ್ರಾಹಕರಿಗೆ ಇದು ಗೊತ್ತೇ ಆಗಲಿಲ್ಲ. ಎರಡೂ ಚಿಪ್‌ಗಳಿಗೆ ಅರ್ಥವಾಗುವ ಆದೇಶಗಳ ಪಟ್ಟಿ, ಅಂದರೆ 'ಇನ್‌ಸ್ಟ್ರಕ್ಷನ್ ಸೆಟ್', ಒಂದೇ: ಎಕ್ಸ್86. ಎರಡನೆಯ ಬಗೆಯಲ್ಲಿ ಈ ಪಟ್ಟಿಯೇ ಬದಲಾಗುತ್ತದೆ. ಕನ್ನಡ ಬಲ್ಲ ಗುಮಾಸ್ತನ ಜಾಗಕ್ಕೆ ತಮಿಳು ಮಾತ್ರ ಬಲ್ಲವನು ಬಂದಂತೆ. ಕೆಲಸಗಾರ ಎಷ್ಟೇ ಚುರುಕಾಗಿದ್ದರೂ ಹಳೆಯ ಕಡತಗಳನ್ನು ಓದಲು ದುಭಾಷಿ ಬೇಕು.

ಇಂಥ ಸಾಹಸವನ್ನು ಆಪಲ್ ಮೂರು ಬಾರಿ ಮಾಡಿದೆ: 1994ರಲ್ಲಿ ಪವರ್‌ಪಿಸಿಗೆ, 2006ರಲ್ಲಿ ಇಂಟೆಲ್‌ಗೆ, 2020ರಲ್ಲಿ ತನ್ನದೇ ಚಿಪ್‌ಗೆ. ಎರಡನೆಯದರ ಕಾರಣ ಸ್ವಾರಸ್ಯಕರ. ಐಬಿಎಂ ತಯಾರಿಸುತ್ತಿದ್ದ ಜಿ5 ಚಿಪ್ 12 ತಿಂಗಳಲ್ಲಿ 3 ಗಿಗಾಹರ್ಟ್ಸ್ ಮುಟ್ಟುತ್ತದೆಂದು ಸ್ಟೀವ್ ಜಾಬ್ಸ್ 2003ರಲ್ಲಿ ಘೋಷಿಸಿದ್ದರು. ಅದು ಮುಟ್ಟಲಿಲ್ಲ. ಜೊತೆಗೆ ಅದರ ಬಿಸಿಯನ್ನು ಲ್ಯಾಪ್‌ಟಾಪ್‌ನೊಳಗೆ ಸಂಭಾಳಿಸುವುದೂ ಆಗಲಿಲ್ಲ. ಬದಲಾವಣೆಯ ನಂತರ ಹಳೆಯ ತಂತ್ರಾಂಶಗಳಿಗೆ 'ರೊಸೆಟಾ' ಎಂಬ ದುಭಾಷಿಯನ್ನು ಆಪಲ್ ಕೊಟ್ಟಿತು. 2011ರಲ್ಲಿ ಅದನ್ನು ಹಿಂತೆಗೆದುಕೊಂಡಿತು! ಬದಲಾವಣೆಯ ನಿಜವಾದ ಬೆಲೆ ಬಳಕೆದಾರರ ಮೇಲೆ ಬೀಳುವುದು ಇಲ್ಲಿಯೇ.

ನಮ್ಮ ಬೆಂಗಳೂರಿನ ಕತೆ ಬೇರೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳ ಜೊತೆ ರೂಪಿಸಿದ, 2001ರಲ್ಲಿ ಪರಿಚಯಿಸಿದ ಅಗ್ಗದ ಅಂಗೈ ಕಂಪ್ಯೂಟರ್ 'ಸಿಂಪ್ಯೂಟರ್' ನೆನಪಿದೆಯೇ? ಅದರಲ್ಲಿದ್ದುದು ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಚಿಪ್. ಇಂಟೆಲ್ ಆ ಸರಣಿಯನ್ನು ಬಿಟ್ಟು ಎಕ್ಸ್‌ಸ್ಕೇಲ್‌ನತ್ತ ಹೊರಳಿತು, 2006ರಲ್ಲಿ ಅದನ್ನೂ ಮಾರ್ವೆಲ್ ಕಂಪನಿಗೆ ಮಾರಲು ಒಪ್ಪಿತು. ಅಂದರೆ ಇಲ್ಲಿ ಬದಲಾವಣೆಯ ನಿರ್ಧಾರ ಚಿಪ್ ಕೊಡುವವರದು. ಸಾವಿರಗಳ ಲೆಕ್ಕದಲ್ಲಿ ಕೊಳ್ಳುವ ಸಣ್ಣ ಗ್ರಾಹಕನ ಮಾತು ಅಲ್ಲಿ ನಡೆಯುವುದಿಲ್ಲ. ಸಮಾಧಾನವೆಂದರೆ, ಸ್ಟ್ರಾಂಗ್‌ಆರ್ಮ್ ಆಗಲಿ ಎಕ್ಸ್‌ಸ್ಕೇಲ್ ಆಗಲಿ ಆಡುವುದು 'ಆರ್ಮ್' ಭಾಷೆಯನ್ನೇ. ಅದರ ಪರವಾನಗಿ ಹಲವು ಕಂಪನಿಗಳಿಗಿದೆ. ಸಿಂಪ್ಯೂಟರ್‌ನಲ್ಲಿದ್ದ ಲಿನಕ್ಸ್ ಕೂಡ ಮುಕ್ತ ತಂತ್ರಾಂಶ, ಬೇರೆ ಚಿಪ್‌ಗೆ ಒಗ್ಗಿಸಲು ಯಾರ ಅಪ್ಪಣೆಯೂ ಬೇಡ. (ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ಗೆಲ್ಲದ್ದಕ್ಕೆ ಚಿಪ್ ಕಾರಣವೆಂದು ನಾನು ಹೇಳುತ್ತಿಲ್ಲ.)

ಹಾಗಾಗಿ, ತಯಾರಕರು ಒಬ್ಬರನ್ನೇ ನೆಚ್ಚದೆ ಇಬ್ಬರಿಂದ ಚಿಪ್ ಕೊಳ್ಳುವುದು ಜಾಣತನ ಎನ್ನುವುದು ನನ್ನ ಅಭಿಪ್ರಾಯ. ಭಾಷೆಯನ್ನೇ ಬದಲಿಸುವುದಾದರೆ ಮಾತ್ರ ಬೆಲೆಯ ಉಳಿತಾಯವೊಂದೇ ಸಾಲದು, ಬ್ಯಾಟರಿ ಅಥವಾ ವೇಗದಲ್ಲಿ ಕಣ್ಣಿಗೆ ಕಾಣುವ ಲಾಭವಿರಬೇಕು.

ಇನ್ನು 'ಮೊಬೈಲ್ ಚಿಪ್' ಎಂಬ ಅನುಮಾನ. 2020ರಲ್ಲಿ ಜಗತ್ತಿನ ಅತಿ ವೇಗದ ಸೂಪರ್‌ಕಂಪ್ಯೂಟರ್ ಎನಿಸಿದ ಜಪಾನಿನ ಫುಗಾಕು ನಡೆಯುವುದೂ ಆರ್ಮ್ ಚಿಪ್‌ಗಳಿಂದಲೇ. ಭಾಷೆ ಒಂದೇ ಆದ ಮಾತ್ರಕ್ಕೆ ಶಕ್ತಿ ಒಂದೇ ಆಗಬೇಕಿಲ್ಲ.

ಪ್ರಿಂಟರಿನ ವಿಷಯದಲ್ಲಿ ಮಾತ್ರ ನೆಂಟರ ಭಯ ಸರಿಯಾಗಿದೆ. 2024ರ ಜೂನ್‌ನಿಂದ ಬರುತ್ತಿರುವ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್‌ನ ದುಭಾಷಿ ಹೆಚ್ಚಿನ ಹಳೆಯ ತಂತ್ರಾಂಶಗಳನ್ನು ಓಡಿಸುತ್ತದೆ. ಆದರೆ ಯಂತ್ರಾಂಶವನ್ನು ನಡೆಸುವ ಡ್ರೈವರ್‌ಗಳಿಗೆ ಆ ಸೌಲಭ್ಯವಿಲ್ಲ, ಅವು ಆರ್ಮ್‌ಗಾಗಿಯೇ ಸಿದ್ಧವಾಗಿರಬೇಕು. ಹೊಸ ಪ್ರಿಂಟರುಗಳು ವಿಂಡೋಸ್‌ನದೇ ಸಾಮಾನ್ಯ ಡ್ರೈವರ್‌ನಿಂದ ನಡೆಯಬಹುದು. ಹಳೆಯ ಪ್ರಿಂಟರು, ಸ್ಕ್ಯಾನರುಗಳು ಕೈಕೊಡಬಹುದು. ಪ್ರಿಂಟರಿನ ಮಾಡೆಲ್ ಸಂಖ್ಯೆ ಬರೆದುಕೊಂಡು, ತಯಾರಕರ ಜಾಲತಾಣದಲ್ಲಿ ಆರ್ಮ್ ವಿಂಡೋಸ್ ಡ್ರೈವರ್ ಇದೆಯೇ ಎಂದು ನೋಡಿಯೇ ದುಡ್ಡು ಕೊಡಿ ಎಂದು ಅವರಿಗೆ ಹೇಳಿದ್ದೇನೆ.