ವೈರಾಣುನಾಶಕ ಮುಖಗವಸು: ಸಣ್ಣ ಘಟಕಗಳಿಗೊಂದು ಪಾಠ

ಲೋಹದ ಮೇಲೆ ತೆಳುವಾದ ಲೇಪನವಿತ್ತು ಅದರ ಬಾಳಿಕೆಯನ್ನೂ ಬೆಲೆಯನ್ನೂ ಹೆಚ್ಚಿಸುವ ಕಸುಬು ಕಾಮಾಕ್ಷಿಪಾಳ್ಯದ ಸಣ್ಣ ಕೈಗಾರಿಕೆಗಳಿಗೆ ಹೊಸತಲ್ಲ. ತಾಮ್ರವನ್ನು ಹತ್ತಿಬಟ್ಟೆಗೆ ಲೇಪಿಸಿ, ತಗುಲಿದ ವೈರಾಣುವನ್ನು ನಾಶಪಡಿಸುವ ಮುಖಗವಸನ್ನು ತಯಾರಿಸಿದ ಬೆಂಗಳೂರಿನ ಪ್ರಯತ್ನವು ಈ ಕಾರಣದಿಂದ ಇಲ್ಲಿನ ಉದ್ಯಮಿಗಳ ಗಮನಕ್ಕೆ ಅರ್ಹವಾಗಿದೆ.

ಸಾಮಾನ್ಯ ಮುಖಗವಸು ವೈರಾಣುವನ್ನು ಸೋಸಿ ತಡೆಯುತ್ತದೆಯೇ ಹೊರತು ಕೊಲ್ಲುವುದಿಲ್ಲ. ತೆಗೆದಿಡುವಾಗಲೂ ಎಸೆಯುವಾಗಲೂ ಸೋಂಕಿನ ಭಯ ಉಳಿದೇ ಇರುತ್ತದೆ. ಈ ಕೊರತೆಯನ್ನು ನೀಗಲು ಹೈದರಾಬಾದಿನ ಎಆರ್‌ಸಿಐ ಸಂಶೋಧನಾ ಕೇಂದ್ರವು ಸಿಸಿಎಂಬಿ ಹಾಗೂ ಬೆಂಗಳೂರಿನ ರೆಸಿಲ್ ಕೆಮಿಕಲ್ಸ್ ಸಂಸ್ಥೆಗಳ ಸಹಯೋಗದಲ್ಲಿ ರೂಪಿಸಿದ ಮುಖಗವಸಿನ ವಿವರಗಳು 2022ರ ಫೆಬ್ರುವರಿಯಲ್ಲಿ ಪ್ರಕಟವಾದವು.

ಇದರ ತಯಾರಿಕೆಯಲ್ಲಿ ಪ್ಲೇಟಿಂಗ್ ತೊಟ್ಟಿಗೆ ಕೆಲಸವಿಲ್ಲ. ದ್ರಾವಣವನ್ನು ಜ್ವಾಲೆಯೊಳಗೆ ಸಿಂಪಡಿಸಿ, ಸುಮಾರು 20 ನ್ಯಾನೊಮೀಟರ್ ಗಾತ್ರದ ತಾಮ್ರಾಧಾರಿತ ಕಣಗಳನ್ನು ಪಡೆಯಲಾಯಿತು. ಅವುಗಳನ್ನು ದ್ರವದಲ್ಲಿ ಸಮನಾಗಿ ಬೆರೆಸಿ, ಸೂಕ್ತ ಅಂಟುವಸ್ತುವಿನ ಸಹಾಯದಿಂದ ಹತ್ತಿಬಟ್ಟೆಗೆ ಕೂಡಿಸಲಾಯಿತು. ಸಿಸಿಎಂಬಿಯ ಪರೀಕ್ಷೆಯಲ್ಲಿ ಈ ಬಟ್ಟೆಯು ಕೋವಿಡ್ ವೈರಾಣುವಿನ ವಿರುದ್ಧ ಶೇ. 99.9ರಷ್ಟು ಪರಿಣಾಮ ತೋರಿತು. ಒಗೆದು ಮತ್ತೆ ಬಳಸಬಹುದಾದ ಎರಡು ಪದರದ ಮುಖಗವಸುಗಳ ತಯಾರಿಕೆಯನ್ನು ರೆಸಿಲ್ ಕೈಗೊಂಡಿತು.

ಆದರೆ 'ಮುಟ್ಟಿದೊಡನೆ ನಾಶ' ಎಂಬ ಮಾತನ್ನು ಎಚ್ಚರದಿಂದ ಗ್ರಹಿಸಬೇಕು. ಉಸಿರು ಬಟ್ಟೆಯನ್ನು ದಾಟಲು ಕ್ಷಣಾರ್ಧ ಸಾಕು. ತಾಮ್ರವು ತನ್ನ ಕೆಲಸ ಮುಗಿಸಲು ಅದಕ್ಕಿಂತ ಬಹಳ ಹೆಚ್ಚಿನ ಕಾಲ ಬೇಕು. 2020ರಲ್ಲಿ ಅಮೆರಿಕದ ವಿಜ್ಞಾನಿಗಳು ನಡೆಸಿದ ಪ್ರಯೋಗದಲ್ಲಿ ತಾಮ್ರದ ಮೇಲ್ಮೈಯಲ್ಲಿ 4 ಗಂಟೆಗಳ ಬಳಿಕ ಜೀವಂತ ವೈರಾಣು ಕಾಣಲಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ಅದು 72 ಗಂಟೆಗಳವರೆಗೂ ಕಂಡುಬಂದಿತ್ತು. ಬಟ್ಟೆಗಳ ವೈರಾಣುನಾಶಕ ಗುಣವನ್ನು ಅಳೆಯುವ ಐಎಸ್‌ಒ 18184 ಮಾನಕದ ಪರೀಕ್ಷೆಯಲ್ಲೂ ಸಾಮಾನ್ಯವಾಗಿ 2 ಗಂಟೆಗಳ ಸಂಪರ್ಕ ಕಾಲವಿರುತ್ತದೆ. ಆದ್ದರಿಂದ ಧರಿಸಿದವನನ್ನು ಕಾಯುವುದು ಮೊದಲಿಗೆ ಸೋಸುವ ಪದರ. ಸಿಕ್ಕಿಬಿದ್ದ ವೈರಾಣುವನ್ನು ಇಲ್ಲವಾಗಿಸುವುದು ಲೇಪನ. ಒಂದು ಇನ್ನೊಂದರ ಬದಲಿಯಾಗಲಾರದು.

ವ್ಯಾಪಾರಿಗಳಿಗೆ ಇಲ್ಲಿಯೇ ಹೊಣೆಗಾರಿಕೆಯ ಪ್ರಶ್ನೆ ಏಳುತ್ತದೆ. ಶೇ. 99 ಎಂದರೆ ಸಾವಿರ ವೈರಾಣುಗಳಲ್ಲಿ 10 ಉಳಿದವು, ಶೇ. 99.9 ಎಂದರೆ ಒಂದು ಮಾತ್ರ. ಪೊಟ್ಟಣದ ಮೇಲೆ ಅಚ್ಚಾಗುವ ಒಂದು ದಶಾಂಶದಲ್ಲಿ ಹತ್ತು ಪಟ್ಟು ಅಂತರವಿದೆ. ಯಾವ ವೈರಾಣು, ಎಷ್ಟು ಹೊತ್ತು, ಎಷ್ಟು ಒಗೆತಗಳ ನಂತರ ಎಂಬ ಮೂರು ಪ್ರಶ್ನೆಗಳಿಗೆ ಪ್ರಯೋಗಾಲಯದ ವರದಿಯಲ್ಲಿ ಉತ್ತರವಿಲ್ಲದಿದ್ದರೆ ಆ ಅಂಕಿಯನ್ನು ಅಚ್ಚು ಹಾಕಿಸದಿರುವುದೇ ಲೇಸು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯನ್ವಯ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಸರ್ಜಿಕಲ್ ಮುಖಗವಸಿಗೆ ಸಂಬಂಧಿಸಿದ ಐಎಸ್ 16289 ಮಾನಕವು ಸೋಸುವಿಕೆ, ಉಸಿರಾಟದ ಸರಾಗತೆಗಳನ್ನು ಪರೀಕ್ಷಿಸುತ್ತದೆ. ಅದರ ಪ್ರಮಾಣಪತ್ರವು ವೈರಾಣುನಾಶಕ ಗುಣಕ್ಕೆ ಸಾಕ್ಷಿಯಾಗದು.

ಕಾಲದ ಲೆಕ್ಕವೂ ಮುಖ್ಯ. ಈ ಮುಖಗವಸಿನ ವಿವರಗಳು ಪ್ರಕಟವಾದ ಸುಮಾರು 15 ತಿಂಗಳಲ್ಲಿ, 2023ರ ಮೇ 5ರಂದು, ಕೋವಿಡ್ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಒಂದೇ ಉತ್ಪನ್ನವನ್ನು ನಂಬಿ ಸಾಲದಲ್ಲಿ ಯಂತ್ರ ಕೊಳ್ಳುವ ಘಟಕಕ್ಕೆ ಇದು ಅತ್ಯಲ್ಪ ಅವಧಿ. ಮೊದಲ ಹಂತದಲ್ಲಿ ಲೇಪಿತ ಬಟ್ಟೆಯನ್ನು ಹೊರಗಿನಿಂದ ತರಿಸಿ, ಹೊಲಿಗೆಯನ್ನಷ್ಟೇ ತಮ್ಮಲ್ಲಿ ಮಾಡಿಸುವುದು ಸುರಕ್ಷಿತ ಮಾರ್ಗ. ಬೇಡಿಕೆ ಇಳಿದರೂ ಅದೇ ಹೊಲಿಗೆ ಯಂತ್ರಗಳು ಆಸ್ಪತ್ರೆಯ ಹೊದಿಕೆ, ಪರದೆ, ಕೆಲಸದ ಉಡುಪುಗಳಿಗೆ ಒದಗುತ್ತವೆ. ಲೇಪನ ತೆಳುವಾದರೂ ಅದರ ಹೆಸರಿನಲ್ಲಿ ನೀಡುವ ಭರವಸೆಯ ಭಾರ ಉದ್ಯಮಿಯ ಮೇಲೆಯೇ ಇರುತ್ತದೆ.