‘ಚಾನೆಲ್’ ಎಂಬ ಪದ: ಮೂಲ ಮತ್ತು ಅರ್ಥ

ಮೈಸೂರು ಸೀಮೆಯ ನೀರಾವರಿಯ ಇತಿಹಾಸವನ್ನು ಇಂಗ್ಲಿಷ್ ದಾಖಲೆಗಳಿಂದ ಅರಿಯಲು ಹೊರಟವರಿಗೆ ‘ಚಾನೆಲ್’ ಎಂಬ ಪದವು ಪದೇ ಪದೇ ಎದುರಾಗುತ್ತದೆ. ನದಿಯು ತಾನಾಗಿ ಕೊರೆದುಕೊಂಡ ಪಾತ್ರಕ್ಕೂ ಜನರು ಅಗೆದು ತೆಗೆದ ಕಾಲುವೆಗೂ ಇದು ಸಲ್ಲುತ್ತದೆ. ಎರಡರಲ್ಲಿ ಯಾವುದೆಂದು ವಿವೇಚಿಸದೆ ಕನ್ನಡಿಸಿದರೆ ಜನರ ದುಡಿಮೆಯ ಫಲವು ಪ್ರಕೃತಿಯ ಲೆಕ್ಕಕ್ಕೆ ಸೇರಿಹೋಗುವುದು. ಆದುದರಿಂದ ಈ ಪದದ ಮೂಲವನ್ನೂ ಅರ್ಥಗಳನ್ನೂ ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ಇದರ ಬೇರು ಜೊಂಡಿನಲ್ಲಿದೆ. ಅಕ್ಕಾಡಿಯನ್ ಭಾಷೆಯ ‘ಕನೂ’, ಹೀಬ್ರೂವಿನ ‘ಕಾನೆ’ ಎಂಬ ಪದಗಳಿಗೆ ಜೊಂಡು ಎಂದರ್ಥ. ಈ ಸೆಮಿಟಿಕ್ ಪದವೇ ಗ್ರೀಕ್, ಲ್ಯಾಟಿನ್ ಭಾಷೆಗಳಲ್ಲಿ ‘ಕನ್ನ’ ಎಂದಾಯಿತು. ಜೊಂಡಿನ ಒಳಗು ಟೊಳ್ಳಾದುದರಿಂದ ಲ್ಯಾಟಿನ್ನಿನ ‘ಕನಾಲಿಸ್’ ಎಂಬುದು ಕೊಳವೆಗೂ ನೀರಿನ ತೋಡಿಗೂ ಹೆಸರಾಯಿತು. ಹಳೆಯ ಫ್ರೆಂಚಿನ ಮೂಲಕ ‘ಚಾನೆಲ್’ ಇಂಗ್ಲಿಷಿಗೆ ಮೊದಲು ಬಂದಿತು. ‘ಕೆನಾಲ್’ ಎಂಬ ರೂಪವು ತರುವಾಯ ಬಂದು, ೧೭ನೆಯ ಶತಮಾನದಿಂದ ಮಾನವನಿರ್ಮಿತ ಜಲಮಾರ್ಗವನ್ನು ಸೂಚಿಸತೊಡಗಿತು. ಸಂಸ್ಕೃತದಲ್ಲಿಯೂ ‘ನಲ’ ಎಂದರೆ ಜೊಂಡು, ‘ನಾಲ’ ಎಂದರೆ ಟೊಳ್ಳು ದಂಟು. ನಮ್ಮ ‘ನಾಲೆ’ ಈ ಕುಲದ್ದು. ಎರಡು ಕುಲಗಳೂ ಬೇರೆ ಬೇರೆ. ಅರ್ಥವು ಸಾಗಿದ ದಾರಿ ಮಾತ್ರ ಒಂದೇ.

‘ಚಾನೆಲ್’ ಪದವು ನದೀಪಾತ್ರ, ಹಡಗು ಸಾಗುವ ಆಳದ ಹಾದಿ, ಇಂಗ್ಲೆಂಡ್ ಫ್ರಾನ್ಸುಗಳ ನಡುವಣ ಕಡಲು ಇವುಗಳಿಗೂ ಹಬ್ಬಿತು. ‘ಕೆನಾಲ್’ ಮಾತ್ರ ಬಹುಮಟ್ಟಿಗೆ ಮನುಷ್ಯನ ಕೈಕೆಲಸವಾಗಿಯೇ ಉಳಿಯಿತು.

ಈ ಭೇದವನ್ನು ಮರೆತರೆ ಏನಾಗುವುದೆಂಬುದಕ್ಕೆ ಪ್ರಸಿದ್ಧ ನಿದರ್ಶನವೊಂದಿದೆ. ಇಟಲಿಯ ಖಗೋಳಜ್ಞ ಸ್ಕಿಯಾಪರೆಲ್ಲಿಯು ೧೮೭೭ರಲ್ಲಿ ಮಂಗಳಗ್ರಹದ ಮೇಲೆ ತನಗೆ ಕಂಡ ರೇಖೆಗಳನ್ನು ‘ಕನಾಲಿ’ ಎಂದು ಕರೆದನು. ಇಟಾಲಿಯನ್ನಿನಲ್ಲಿ ಅದು ಎರಡಕ್ಕೂ ಸಲ್ಲುವ ಪದ. ಇಂಗ್ಲಿಷಿನಲ್ಲಿ ಅದು ‘ಕೆನಾಲ್’ ಆದುದರಿಂದ, ತೋಡಿದವರು ಯಾರೆಂಬ ಊಹೆಗೆ ಇಂಬು ದೊರೆಯಿತು. ಅವು ಮಂಗಳವಾಸಿಗಳ ನೀರಾವರಿ ಕಾಲುವೆಗಳೆಂದು ಅಮೆರಿಕದ ಪರ್ಸಿವಲ್ ಲೊವೆಲ್ ವಾದಿಸಿದನು. ೧೯೬೫ರಲ್ಲಿ ಮ್ಯಾರಿನರ್ ೪ ನೌಕೆಯು ಕಳುಹಿದ ಚಿತ್ರಗಳಲ್ಲಿ ಕುಳಿಗಳು ಕಂಡುವೇ ಹೊರತು ಕಾಲುವೆಗಳಲ್ಲ.

ನಮ್ಮ ದಾಖಲೆಗಳಲ್ಲಿ ಅಪಾಯವು ಇದಕ್ಕೆ ವಿಪರೀತವಾದುದು. ಕಾವೇರಿಗೆ ಅಣೆ ಕಟ್ಟಿ ತೆಗೆದ ಚಿಕ್ಕದೇವರಾಜ ಸಾಗರ ನಾಲೆಯು ಅವುಗಳಲ್ಲಿ ‘ಚಾನೆಲ್’. ೨೦ನೆಯ ಶತಮಾನದಲ್ಲಿ ಕೃಷ್ಣರಾಜಸಾಗರದಿಂದ ತೆಗೆದ, ಈಗಿನ ವಿಶ್ವೇಶ್ವರಯ್ಯ ನಾಲೆಯು ‘ಇರ್ವಿನ್ ಕೆನಾಲ್’. ಎರಡೂ ಮನುಷ್ಯರು ಅಗೆದವೇ. ಕನ್ನಡದಲ್ಲಿ ಎರಡೂ ನಾಲೆಗಳೇ. ಆದುದರಿಂದ ‘ರಿವರ್ ಚಾನೆಲ್’ ಎಂದಿರುವಲ್ಲಿ ಸುತ್ತಣ ಮಾತುಗಳನ್ನು ನೋಡತಕ್ಕದ್ದು. ಅಣೆಯ ಹೆಸರೋ, ಅಚ್ಚುಕಟ್ಟಿನ ವಿಸ್ತೀರ್ಣವೋ, ಕಂದಾಯದ ಮೊತ್ತವೋ ಜೊತೆಗಿದ್ದರೆ ಅದು ನದೀಪಾತ್ರವಲ್ಲ, ನದಿಯಿಂದ ತೆಗೆದ ಕಾಲುವೆಯೆಂದು ನಾವು ತಿಳಿಯಬೇಕು.