ಹೊಲಿಗೆಯ ಸಂಪಾದನೆ ಹೆಚ್ಚಾದರೆ ಗೃಹಲಕ್ಷ್ಮಿ ಹಣ ನಿಲ್ಲುತ್ತದೆಯೇ?

ಪ್ರಶ್ನೆ: ಮನೆಯಲ್ಲೇ ಬ್ಲೌಸ್ ಹೊಲಿದು ಸಂಪಾದಿಸುತ್ತೇನೆ. ಈ ವರ್ಷ ಕೆಲಸ ಹೆಚ್ಚಾಗಿದೆ. ಗೃಹಲಕ್ಷ್ಮಿಯ ₹2,000 ನಿಂತುಹೋಗುತ್ತದೆಯೇ? ರೇಷನ್ ಕಾರ್ಡ್ ಗತಿ ಏನು?

ಉತ್ತರ: ಎರಡೂ ಸವಲತ್ತುಗಳ ನಿಯಮ ಬೇರೆ ಬೇರೆ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಗೆ ಇಂತಿಷ್ಟೇ ಆದಾಯವಿರಬೇಕೆಂಬ ಮಿತಿಯಿಲ್ಲ. ಎಪಿಎಲ್ ಕಾರ್ಡಿನ ಯಜಮಾನಿಯರಿಗೂ ಅದು ಸಿಗುತ್ತದೆ. ಆದರೆ ನೀವಾಗಲಿ ನಿಮ್ಮ ಯಜಮಾನರಾಗಲಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಅರ್ಹತೆ ಹೋಗುತ್ತದೆ. ಹೊಲಿಗೆಯಂಥ ಸೇವೆಗೆ ಸಾಮಾನ್ಯವಾಗಿ ವಾರ್ಷಿಕ ವಹಿವಾಟು ₹20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಹಾಗಾಗಿ ಯಾರೋ ಹೇಳಿದರೆಂದು ಅವಸರದಲ್ಲಿ ನೋಂದಣಿ ಮಾಡಿಸಬೇಡಿ. ನೋಂದಣಿಯಾದ ಮೇಲೆ ವಹಿವಾಟು ಸೊನ್ನೆಯಿದ್ದರೂ ರಿಟರ್ನ್ಸ್ ಸಲ್ಲಿಸಲೇಬೇಕಾಗುತ್ತದೆ.

ನಿಜವಾಗಿ ಎಚ್ಚರ ಬೇಕಿರುವುದು ಬಿಪಿಎಲ್ ಕಾರ್ಡಿನ ವಿಷಯದಲ್ಲಿ. ಅದಕ್ಕೆ ಇಡೀ ಕುಟುಂಬದ ವಾರ್ಷಿಕ ಆದಾಯ ₹1.20 ಲಕ್ಷ ಮೀರಬಾರದು. ಅಂದರೆ ಎಲ್ಲರ ಗಳಿಕೆ ಸೇರಿ ತಿಂಗಳಿಗೆ ₹10,000. ದಾಟಿದರೆ ಅನ್ನಭಾಗ್ಯದ ಅಕ್ಕಿ ಕೈತಪ್ಪಬಹುದು. ಬ್ರಿಟನ್ನಿನ ಯೂನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ಯೋಜನೆಯಲ್ಲಿ ಗಳಿಕೆ ಏರಿದಂತೆ ನೆರವು ಹಂತಹಂತವಾಗಿ ಇಳಿಯುತ್ತದೆ. ನಮ್ಮಲ್ಲಿ ಮಿತಿ ದಾಟಿದರೆ ಕಾರ್ಡೇ ಹೋಗುತ್ತದೆ. ದುಡಿಯುವ ಹೆಣ್ಣುಮಕ್ಕಳ ಮಟ್ಟಿಗೆ ಇದು ಅನ್ಯಾಯ, ಬದಲಾಗಲೇಬೇಕು.

ಸದ್ಯಕ್ಕೆ ಒಂದು ನೋಟ್‌ಬುಕ್ಕಿನಲ್ಲಿ ಗಿರಾಕಿಗಳು ಕೊಟ್ಟ ಹಣ ಒಂದು ಕಡೆ, ದಾರ, ಲೈನಿಂಗ್ ಬಟ್ಟೆ, ಕರೆಂಟು, ಮಷಿನ್ ರಿಪೇರಿಯ ಖರ್ಚು ಇನ್ನೊಂದು ಕಡೆ ಬರೆದಿಡಿ. ಕೈಗೆ ಬಂದದ್ದೆಲ್ಲ ಆದಾಯವಲ್ಲ, ಖರ್ಚು ಕಳೆದು ಉಳಿದದ್ದೇ ಆದಾಯ. ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಾಗ ಈ ಲೆಕ್ಕ ನೆರವಾಗುತ್ತದೆ. ಹೆದರಿ ಕೆಲಸ ಮಾತ್ರ ಕಡಿಮೆ ಮಾಡಬೇಡಿ.